ಪೈಲಟ್ ಆಗುವವನಿಗೆ ಲಿಖಿತ ಪರೀಕ್ಷೆ ಏತಕ್ಕೆ?

ವಿಮಾನವೆಂಬುದು ನಮ್ಮ ಗಡಿನಾಡಿನ ಮನೆಗಳಿಗೆ ಇಂದು ದೂರದ ವಸ್ತುವಾಗಿ ಉಳಿದಿಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಯಾವ ಊರಿನಲ್ಲಿ ವಿಚಾರಿಸಿದರೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನೋ ಅಳಿಯನೋ ಒಬ್ಬನಿರುತ್ತಾನೆ. ಅವನನ್ನು ಕಳುಹಿಸಲೆಂದೋ ಕರೆತರಲೆಂದೋ ಬಜಪೆಗೆ ಹೋಗಿಬಂದ ಮಕ್ಕಳ ಮನಸ್ಸಿನಲ್ಲಿ ವಿಮಾನದ ಚಿತ್ರ ಅಚ್ಚೊತ್ತಿ ನಿಲ್ಲುವುದು ಸಹಜವೇ. ಕೆಲವರಲ್ಲಿ ಅದು ತಾನೂ ಪೈಲಟ್ ಆಗಬೇಕೆಂಬ ಹಂಬಲವಾಗಿ ಬೆಳೆಯುತ್ತದೆ. ಹೆತ್ತವರೂ ಹಿಂದಿನವರಂತೆ ಅದನ್ನು ನಕ್ಕು ತಳ್ಳಿಹಾಕುವುದಿಲ್ಲ. ಅಡಿಕೆ ತೋಟವನ್ನು ಅಡವಿಟ್ಟಾದರೂ ಕಲಿಸೋಣವೆಂದು ಹೊರಡುವವರಿದ್ದಾರೆ.

ಹೀಗೆ ಹೊರಟವರು ತರಬೇತಿಯ ವಿವರವನ್ನು ಓದತೊಡಗಿದಾಗ ಒಂದು ಸಂಶಯ ಅವರನ್ನು ಕಾಡುತ್ತದೆ. "ಹಾರಿಸಲು ಕಲಿಯುವವನಿಗೆ ಇಷ್ಟೊಂದು ಪುಸ್ತಕದ ಪರೀಕ್ಷೆ ಏತಕ್ಕೆ ಮಾಷ್ಟ್ರೇ? ದೋಣಿ ನಡೆಸುವವನಿಗೆ ಯಾರಾದರೂ ಪ್ರಶ್ನಪತ್ರಿಕೆ ಕೊಡುತ್ತಾರೆಯೇ? ನೀರಿಗಿಳಿದರೆ ಈಜು ತಾನಾಗಿ ಬರುವುದಿಲ್ಲವೇ?" ಎಂದು ಕೇಳುತ್ತಾರೆ. ಪ್ರಶ್ನೆ ಅಸಂಗತವೇನಲ್ಲ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಆ ಒಕ್ಕಾಲಿನ ಬೆಲೆ ಏನೆಂಬುದನ್ನು ಈ ಸಲದ ಅಂಕಣದಲ್ಲಿ ಕೊಂಚ ವಿವೇಚಿಸೋಣ.

ಮೊದಲು, ಪರೀಕ್ಷೆಗಳು ಯಾವುವು ಎಂಬುದನ್ನು ತಿಳಿಯೋಣ. ನಮ್ಮ ದೇಶದಲ್ಲಿ ಸಂಬಳಕ್ಕಾಗಿ ವಿಮಾನ ನಡೆಸುವ ಪರವಾನಗಿ ದೊರೆಯಬೇಕಾದರೆ 200 ಗಂಟೆಗಳ ಹಾರಾಟದ ಅನುಭವ ಬೇಕು. ಅದರ ಜೊತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಡೆಸುವ ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮಾರ್ಗನಿರ್ಣಯ, ಹವಾಮಾನ, ವಾಯುಯಾನದ ನಿಯಮಗಳು, ವಿಮಾನದ ಸಾಮಾನ್ಯ ತಾಂತ್ರಿಕ ಜ್ಞಾನ, ತಾನು ಹಾರಿಸುವ ನಿರ್ದಿಷ್ಟ ಮಾದರಿಯ ವಿಮಾನದ ತಾಂತ್ರಿಕ ಜ್ಞಾನ — ಇವು ಅಲ್ಲಿನ ವಿಷಯಗಳು. ರೇಡಿಯೊದಲ್ಲಿ ಮಾತನಾಡುವ ಕ್ರಮಕ್ಕೆ ಬೇರೆಯೇ ಪರೀಕ್ಷೆಯುಂಟು. ನಮ್ಮ ಶಾಲೆಗಳಂತೆ ಕಡಿಮೆ ಅಂಕಕ್ಕೆ ಇಲ್ಲಿ ಪಾಸಾಗುವುದಿಲ್ಲ. ನೂರಕ್ಕೆ 70 ಬೇಕು. ಯೂರೋಪಿನಲ್ಲಿ ದೊಡ್ಡ ವಿಮಾನಗಳ ಪರವಾನಗಿಗೆ 13 ವಿಷಯಗಳಿದ್ದು, ಪ್ರತಿಯೊಂದರಲ್ಲಿಯೂ ನೂರಕ್ಕೆ 75 ಅಂಕ ಪಡೆಯಬೇಕಾಗುತ್ತದೆ.

ಹೆಸರುಗಳನ್ನು ಕೇಳಿ ಗಾಬರಿಯಾಗಬೇಕಾಗಿಲ್ಲ. ಒಂದು ಕಾಲದಲ್ಲಿ ಚಂದ್ರಗಿರಿ ಹೊಳೆಯ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿಗಾರನನ್ನು ನೆನೆಯಿರಿ. ನೇರವಾಗಿ ಎದುರು ದಡವನ್ನು ಸೇರಬೇಕಾದರೆ ಅವನು ದೋಣಿಯ ಮೂತಿಯನ್ನು ಕೊಂಚ ಹರಿವಿಗೆದುರಾಗಿ ಹಿಡಿಯಬೇಕಾಗಿತ್ತು. ಗಾಳಿಯ ಹೊಳೆಯಲ್ಲಿ ತೇಲುವ ವಿಮಾನಕ್ಕೂ ಇದೇ ನ್ಯಾಯ. 100 ನಾಟ್ ವೇಗದ ಪುಟ್ಟ ವಿಮಾನಕ್ಕೆ ಪಕ್ಕದಿಂದ 20 ನಾಟ್ ಗಾಳಿ ಬೀಸುತ್ತಿದ್ದರೆ ಅದರ ಮೂತಿಯನ್ನು ಸುಮಾರು 12 ಡಿಗ್ರಿಯಷ್ಟು ಗಾಳಿಯ ಕಡೆಗೆ ತಿರುಗಿಸಬೇಕು. ದೋಣಿಗಾರನಿಗೆ ಎದುರು ದಡ ಕಣ್ಣಿಗೆ ಕಾಣುತ್ತಿತ್ತು. ಅವನಿಗೆ ಲೆಕ್ಕದ ಅಗತ್ಯವಿರಲಿಲ್ಲ. ಮೋಡದೊಳಗೆ ಹೊಕ್ಕ ಪೈಲಟಿಗೆ ದಡ ಕಾಣುವುದಿಲ್ಲ. ದೋಣಿಗೂ ವಿಮಾನಕ್ಕೂ ಇರುವ ಅಂತರ ಇಷ್ಟೇ, ಆದರೆ ಈ ಅಂತರವೇ ಪರೀಕ್ಷೆಯನ್ನು ಅನಿವಾರ್ಯಗೊಳಿಸುತ್ತದೆ.

ಹವಾಮಾನದ ವಿಷಯವೂ ಹೀಗೆಯೇ. ವಿಮಾನದ ಎತ್ತರವನ್ನು ತೋರಿಸುವ ಸಾಮಾನ್ಯ ಮಾಪಕವು ವಾಸ್ತವದಲ್ಲಿ ಅಳೆಯುವುದು ಗಾಳಿಯ ಒತ್ತಡವನ್ನು. ಒತ್ತಡ ಹೆಚ್ಚಿರುವ ಪ್ರದೇಶದಿಂದ ಕಡಿಮೆಯಿರುವ ಪ್ರದೇಶಕ್ಕೆ, ಉದಾಹರಣೆಗೆ ಮುಂಗಾರಿನ ವಾಯುಭಾರ ಕುಸಿತದ ಕಡೆಗೆ, ಹಾರುವಾಗ ಮಾಪಕವನ್ನು ಸರಿಪಡಿಸಿಕೊಳ್ಳದಿದ್ದರೆ ಅದು ಇಲ್ಲದ ಎತ್ತರವನ್ನು ಇದೆಯೆಂದು ತೋರಿಸುತ್ತದೆ. ಒತ್ತಡದಲ್ಲಿ 10 ಹೆಕ್ಟೊಪಾಸ್ಕಲ್ ವ್ಯತ್ಯಾಸವಾದರೆ ಎತ್ತರದಲ್ಲಿ 270ರಿಂದ 300 ಅಡಿಗಳ ತಪ್ಪು. ಎದುರಿಗೆ ಗುಡ್ಡವಿದ್ದರೆ 300 ಅಡಿ ಸಣ್ಣ ಅಳತೆಯಲ್ಲ. ಇದನ್ನು ಹಾರಿ ನೋಡಿ ಕಲಿಯುವೆನೆಂದು ಹೊರಟವನಿಗೆ ಎರಡನೆಯ ಪಾಠಕ್ಕೆ ಅವಕಾಶ ದೊರೆಯದೆ ಹೋಗಬಹುದು.

ಪುಸ್ತಕವಿಲ್ಲದೆ ಹಾರಲು ಕಲಿತವರು ಯಾರೂ ಇರಲಿಲ್ಲವೇ ಎಂದರೆ, ಇದ್ದರು. ವಿಮಾನಯಾನದ ಮೊದಲ ಹತ್ತು ಹದಿನೈದು ವರ್ಷಗಳು ಬಹುಮಟ್ಟಿಗೆ ಹಾಗೆಯೇ ಕಳೆದವು. ಅಂದಿನ ಹಾರಾಟಗಾರರು ಬಹುವಾಗಿ ಹೆದರುತ್ತಿದ್ದುದು 'ಸ್ಪಿನ್' ಎಂಬ ಸ್ಥಿತಿಗೆ. ವಿಮಾನವು ವೇಗ ಕಳೆದುಕೊಂಡು, ಒಂದು ರೆಕ್ಕೆ ಕುಸಿದು, ಬುಗುರಿಯಂತೆ ಸುತ್ತುತ್ತ ನೆಲಕ್ಕೆ ಬೀಳುವ ಸ್ಥಿತಿ ಅದು. ಮೂತಿ ನೆಲದ ಕಡೆಗಿರುವಾಗ ಹಿಡಿಕೆಯನ್ನು ತನ್ನತ್ತ ಎಳೆದು ಮೂತಿಯನ್ನು ಮೇಲೆತ್ತಲು ಮನುಷ್ಯನ ಕೈ ತಾನಾಗಿ ಹವಣಿಸುತ್ತದೆ. ಎಳೆದಷ್ಟೂ ವಿಮಾನ ಇನ್ನಷ್ಟು ಬಿಗಿಯಾಗಿ ಸುತ್ತುತ್ತದೆ. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ನೌಕಾದಳದ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಇಂಥ ಸುಳಿಯಲ್ಲಿ ಸಿಲುಕಿದರು. ಎಳೆದು ನೋಡಿ ಫಲ ಕಾಣದೆ, ನೆಲ ಇನ್ನೇನು ಸಮೀಪಿಸಿತೆನ್ನುವಾಗ ಅವರು ಬಾಲದ ಚುಕ್ಕಾಣಿಯನ್ನು ಸುತ್ತಿಗೆ ವಿರುದ್ಧವಾಗಿ ಒತ್ತಿದರು, ವಿಮಾನ ಸರಿಯಾಯಿತು. ಕೆಳಗಿಳಿದ ಮೇಲೆ ತಾವು ಮಾಡಿದುದೆಲ್ಲವನ್ನೂ ಅವರು ಕ್ರಮವಾಗಿ ವಿವರಿಸಿದರು. ಆದರೆ ಹಾಗೆ ಮಾಡಿದರೆ ಏಕೆ ಸರಿಯಾಗುತ್ತದೆಂಬುದು ಇತ್ಯರ್ಥವಾಗಲು ಇನ್ನೂ ಕೆಲವು ವರ್ಷಗಳು ಹಿಡಿದವು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫಾರ್ನ್‌ಬರೋದ ವಿಮಾನ ಸಂಶೋಧನ ಕೇಂದ್ರದಲ್ಲಿದ್ದ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ ಅವರು ತಾವೇ ಹಾರಲು ಕಲಿತು, 1917ರಲ್ಲಿ ವಿಮಾನವನ್ನು ಬೇಕೆಂದೇ ಸ್ಪಿನ್ನಿಗೆ ಒಡ್ಡಿ, ಮಾಪಕಗಳನ್ನು ಓದಿ ಅಳತೆಗಳನ್ನು ತಂದರು. ಅದೇ ವರ್ಷ ಗಾಸ್‌ಪೋರ್ಟ್ ಎಂಬಲ್ಲಿ ಮೇಜರ್ ರಾಬರ್ಟ್ ಸ್ಮಿತ್-ಬ್ಯಾರಿ ಅವರು ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದನ್ನು ನಡೆಸತೊಡಗಿದರು. ಅಪಾಯದ ಸ್ಥಿತಿಗಳಿಂದ ವಿದ್ಯಾರ್ಥಿಯನ್ನು ದೂರವಿಡುವುದರ ಬದಲು, ಅವನನ್ನು ಆ ಸ್ಥಿತಿಗಳಿಗೇ ಒಯ್ದು, ಅದು ಏಕೆ ಉಂಟಾಗುತ್ತದೆ, ಅದರಿಂದ ಹೇಗೆ ಹೊರಬರಬೇಕು ಎಂದು ವಿವರಿಸಿ ಕಲಿಸುವುದು ಅವರ ಪದ್ಧತಿ. ಇಂದಿನ ಪೈಲಟ್ ತರಬೇತಿಯ ತಳಹದಿ ಬಹುಮಟ್ಟಿಗೆ ಅದೇ. ನಮ್ಮ ಶಿಕ್ಷಣಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಕಾರಣವನ್ನು ಅರಿತು ಮಾಡಿದ ಅಭ್ಯಾಸ ಮಾತ್ರ ಹೊಸ ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಶಾಸ್ತ್ರದ ಮೊದಲನೆಯ ಪ್ರಯೋಜನ ಗೋಚರಿಸುತ್ತದೆ. ಕೈಗೂ ಕಿವಿಗೂ ಸಹಜವೆಂದು ತೋರುವುದು ಆಕಾಶದಲ್ಲಿ ಎಷ್ಟೋ ವೇಳೆ ಸುಳ್ಳಾಗಿರುತ್ತದೆ. ಯಾವಾಗ ಸುಳ್ಳು, ಏಕೆ ಸುಳ್ಳು ಎಂದು ಮುಂಚಿತವಾಗಿಯೇ ನೆಲದ ಮೇಲೆ ಕುಳಿತು ಹೇಳಿಕೊಡುವುದು ಶಾಸ್ತ್ರ.

ಆದರೆ ಪರೀಕ್ಷೆಯಲ್ಲಿ ಪಾಸಾದವರೆಲ್ಲ ಆಪತ್ತಿನಲ್ಲಿ ಪಾರಾಗುತ್ತಾರೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರ. 2009ರ ಜೂನ್ 1ರಂದು ಬ್ರೆಜಿಲಿನ ರಿಯೊ ಡಿ ಜನೈರೊದಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಮಡಿದರು. ವೇಗವನ್ನು ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ, ಮಾಪಕಗಳು ಕೆಲಹೊತ್ತು ತಪ್ಪು ವೇಗ ತೋರಿಸಿದವು, ಸ್ವಯಂಚಾಲನೆ ಕಳಚಿಕೊಂಡಿತು. ವಿಮಾನ ನಡೆಸುತ್ತಿದ್ದ ಪೈಲಟ್ ಹಿಡಿಕೆಯನ್ನು ಹಿಂದಕ್ಕೆಳೆದರು. ವಿಮಾನ ಸುಮಾರು 38,000 ಅಡಿಗೆ ಏರಿ ವೇಗ ಕಳೆದುಕೊಂಡಿತು. ರೆಕ್ಕೆಗಳು ಗಾಳಿಯ ಹಿಡಿತ ತಪ್ಪಿ 'ಸ್ಟಾಲ್' ಎಂಬ ಸ್ಥಿತಿಗೆ ಬಂದವು. ಆಗ ಮೂತಿಯನ್ನು ಕೆಳಗಿಳಿಸಬೇಕು. ಎಲ್ಲ ಪೈಲಟುಗಳಿಗೂ ಮೊದಲ ವರ್ಷವೇ ಹೇಳಿಕೊಡುವ ಪಾಠವಿದು. ಎಂಜಿನುಗಳು ಚೆನ್ನಾಗಿಯೇ ಇದ್ದವು, ಎಚ್ಚರಿಕೆಯ ದನಿ ಮತ್ತೆಮತ್ತೆ ಕೂಗಿತು. ಆದರೂ ತಾವು ಸ್ಟಾಲಿನಲ್ಲಿದ್ದೇವೆಂಬುದನ್ನು ಚಾಲಕವರ್ಗ ಕೊನೆಯವರೆಗೂ ಗ್ರಹಿಸಲಿಲ್ಲವೆಂದು 2012ರಲ್ಲಿ ಹೊರಬಂದ ಫ್ರಾನ್ಸಿನ ತನಿಖಾ ವರದಿ ಹೇಳಿತು. ಸ್ವಯಂಚಾಲನೆ ಕಳಚಿದಂದಿನಿಂದ ಸಮುದ್ರಕ್ಕೆ ಬೀಳುವವರೆಗೆ ಕಳೆದ ಕಾಲ ನಾಲ್ಕೂವರೆ ನಿಮಿಷಕ್ಕಿಂತ ಕಡಿಮೆ.

ಆ ಮೂವರು ಪೈಲಟುಗಳೂ ಪರೀಕ್ಷೆಗಳಲ್ಲಿ ತೇರ್ಗಡೆಯಾದವರೇ. ಹಾಗಾದರೆ ಶಾಸ್ತ್ರ ನಿಷ್ಫಲವೇ? ಹಾಗಲ್ಲ. ಉತ್ತರಪತ್ರಿಕೆಯಲ್ಲಿ ಬರೆದ ಜ್ಞಾನ ಕೈಗಿಳಿಯದೆ ಪ್ರತ್ಯೇಕವಾಗಿ ಉಳಿದರೆ ಏನಾಗುತ್ತದೆಂಬುದಕ್ಕೆ ಇದು ದೃಷ್ಟಾಂತ. ಆ ದುರಂತದ ಬಳಿಕ ಲೋಕದ ವಿಮಾನಯಾನ ಸಂಸ್ಥೆಗಳು ಪುಸ್ತಕವನ್ನು ಮುಚ್ಚಿಡಲಿಲ್ಲ; ಪುಸ್ತಕವನ್ನೂ ಕೈಯನ್ನೂ ಒಟ್ಟುಗೂಡಿಸಲು ಯತ್ನಿಸಿದವು. ಹದ ತಪ್ಪಿದ ವಿಮಾನವನ್ನು ಹದಕ್ಕೆ ತರುವ ಅಭ್ಯಾಸವನ್ನು, ಅದರ ಶಾಸ್ತ್ರಸಹಿತ, ಯೂರೋಪಿನಲ್ಲಿ 2019ರಿಂದ ವೃತ್ತಿಪರ ಪೈಲಟುಗಳ ತರಬೇತಿಯಲ್ಲಿ ಕಡ್ಡಾಯಗೊಳಿಸಲಾಗಿದೆ.

ಲೆಕ್ಕದ ಮಹತ್ತ್ವವನ್ನು ಹೇಳುವ ಇನ್ನೊಂದು ಘಟನೆಯನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಹೇಳಬಹುದು. 1983ರ ಜುಲೈ 23ರಂದು ಕೆನಡಾದ ಮಾಂಟ್ರಿಯಲಿನಿಂದ ಎಡ್ಮಂಟನ್ನಿಗೆ ಏರ್ ಕೆನಡಾದ ಹೊಸ ಬೋಯಿಂಗ್ 767 ವಿಮಾನ ಹೊರಟಿತ್ತು. ಅದರ ಇಂಧನ ಮಾಪಕಗಳು ಕೆಟ್ಟಿದ್ದುದರಿಂದ ಟ್ಯಾಂಕಿಗೆ ಅಳತೆಕೋಲು ಇಳಿಸಿ ನೋಡಬೇಕಾಯಿತು. 7,682 ಲೀಟರ್ ಇರುವುದು ಕಂಡಿತು. ಪ್ರಯಾಣಕ್ಕೆ ಬೇಕಾದುದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ಪರಿವರ್ತಿಸಲು ಅವರು 1.77ರಿಂದ ಗುಣಿಸಿದರು. ಆದರೆ ಅದು ಒಂದು ಲೀಟರ್ ಇಂಧನದ ತೂಕವನ್ನು ಪೌಂಡುಗಳಲ್ಲಿ ಹೇಳುವ ಸಂಖ್ಯೆ. ಕಿಲೋಗ್ರಾಮಿನಲ್ಲಿ ಅದು ಸುಮಾರು 0.80 ಮಾತ್ರ. ಆ ಸಂಸ್ಥೆಯಲ್ಲಿ ಮೆಟ್ರಿಕ್ ಅಳತೆಗೆ ಒಳಪಟ್ಟ ಮೊದಲನೆಯ ಮಾದರಿಯ ವಿಮಾನ ಅದಾಗಿತ್ತು. ಹಳೆಯ ಅಭ್ಯಾಸ ಕೈಯಿಂದ ಬಿಟ್ಟಿರಲಿಲ್ಲ. ಸುಮಾರು 20,000 ಲೀಟರ್ ಸೇರಿಸಬೇಕಾಗಿದ್ದಲ್ಲಿ 5,000 ಲೀಟರಿಗೂ ಕಡಿಮೆ ಸೇರಿಸಿ ಹೊರಟರು. 41,000 ಅಡಿ ಎತ್ತರದಲ್ಲಿ ಇಂಧನ ಮುಗಿದು, ಎರಡೂ ಎಂಜಿನುಗಳು ನಿಂತುಹೋದವು.

ಅವರನ್ನು ಉಳಿಸಿದುದೂ ಲೆಕ್ಕವೇ. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿದ್ದವರು. ಸಹಪೈಲಟ್ ಮಾರಿಸ್ ಕ್ವಿಂಟಾಲ್ ಅವರು 10 ನಾಟಿಕಲ್ ಮೈಲಿ ಸಾಗುವಷ್ಟರಲ್ಲಿ 5,000 ಅಡಿ ಇಳಿದಿದ್ದೇವೆಂದು ಗಮನಿಸಿ, ವಿನಿಪೆಗ್ ನಗರದ ವಿಮಾನ ನಿಲ್ದಾಣ ಕೈಗೆಟುಕದೆಂದು ಲೆಕ್ಕ ಹಾಕಿ ಹೇಳಿದರು. ತಾವು ಹಿಂದೆ ಸೈನ್ಯದಲ್ಲಿದ್ದಾಗ ಬಲ್ಲ ಗಿಮ್ಲಿ ಎಂಬ ಹಳೆಯ ವಾಯುನೆಲೆಯನ್ನು ಸೂಚಿಸಿದರು. ಅಲ್ಲಿಗೆ ಸೇರುವಾಗ ಎತ್ತರ ಹೆಚ್ಚಾಗಿತ್ತು. ಪಿಯರ್ಸನ್ ಅವರು ವಿಮಾನವನ್ನು ಓರೆಯಾಗಿ ಗಾಳಿಗೊಡ್ಡಿ, ವೇಗ ಹೆಚ್ಚಿಸದೆ ಎತ್ತರ ಕಳೆದು ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು. ನೆಲದ ಮೇಲೆ ಎಲ್ಲ ಸೌಕರ್ಯಗಳೂ ಇದ್ದಾಗ ಮಾಡಿದ ಗುಣಾಕಾರ ತಪ್ಪಿತು, ಎಂಜಿನು ನಿಂತ ಮೇಲೆ ಗಾಳಿಯಲ್ಲಿ ಮಾಡಿದ ಭಾಗಾಕಾರ ಕಾಪಾಡಿತು. ಉತ್ತರದ ಮುಂದೆ 'ಕಿಲೋಗ್ರಾಂ' ಎಂದೋ 'ಲೀಟರ್' ಎಂದೋ ಮಾನವನ್ನು ಬರೆಯದ ಮಕ್ಕಳಿಗೆ ನಾವು ಮಾಷ್ಟ್ರುಗಳು ಅರ್ಧ ಅಂಕ ಕಳೆಯುವುದು ಬರಿಯ ಬಿಗುವಿನಿಂದಲ್ಲವೆಂದು ಇದನ್ನು ತಿಳಿದ ಮೇಲೆ ಹೆತ್ತವರು ಒಪ್ಪಿಯಾರು.

ತನ್ನ ವಿಮಾನದ ಒಳರಚನೆಯನ್ನು ತಿಳಿಯುವ ಪರೀಕ್ಷೆಯೂ ಅಷ್ಟೇ ಮುಖ್ಯ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಎಂಬಲ್ಲಿ ಬೋಯಿಂಗ್ 737 ವಿಮಾನವೊಂದು ಉರುಳಿ, 126 ಜನರ ಪೈಕಿ 47 ಮಂದಿ ತೀರಿಹೋದರು. ಎಡಗಡೆಯ ಎಂಜಿನು ಕೆಟ್ಟಿತ್ತು. ಪೈಲಟುಗಳು ಸುಸ್ಥಿತಿಯಲ್ಲಿದ್ದ ಬಲಗಡೆಯ ಎಂಜಿನನ್ನು ನಿಲ್ಲಿಸಿದರು. ಒಳಗೆ ಹೊಗೆ ಬಂದಾಗ, ಹಳೆಯ ಮಾದರಿಯ 737ರ ತಿಳಿವಳಿಕೆಯಂತೆ, ಅದು ಬಲಗಡೆಯ ಎಂಜಿನಿನಿಂದಲೇ ಬರುತ್ತಿದೆಯೆಂದು ಅವರು ಭಾವಿಸಿದ್ದು ಅದಕ್ಕೊಂದು ಕಾರಣ. ಹೊಸ ಮಾದರಿಯಲ್ಲಿ ಆ ವ್ಯವಸ್ಥೆ ಬದಲಾಗಿತ್ತು. ಹೊರನೋಟಕ್ಕೆ ಎರಡೂ ಒಂದೇ ತರಹದ ವಿಮಾನಗಳು. ಹಾರಿಸುವ ಕೈಗೂ ಹೆಚ್ಚು ಭೇದ ತಿಳಿಯದು. ಒಳಗಿನ ಆ ಭೇದ ಪುಸ್ತಕದಲ್ಲಿ ಮಾತ್ರ ಕಾಣಸಿಗುವಂಥದು.

ದೂರದೇಶಗಳ ಮಾತು ಹಾಗಿರಲಿ. 2010ರ ಮೇ 22ರ ಬೆಳಗನ್ನು ನಮ್ಮ ಜಿಲ್ಲೆಯಲ್ಲಿ ಮರೆತವರಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು, 166 ಜನರಲ್ಲಿ 158 ಮಂದಿ ಮಡಿದರು. ಅವರಲ್ಲಿ ಕಾಸರಗೋಡಿನವರೂ ಅನೇಕರಿದ್ದರು. ಆ ಮನೆಗಳ ದುಃಖವನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಆದರೆ ಪಾಠವನ್ನು ಹೇಳದಿರುವುದೂ ಸರಿಯಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಇಳಿಯುವಾಗ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಂಥ ಸ್ಥಿತಿಯಲ್ಲಿ ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಿ ಸುತ್ತಿಬರಬೇಕೆಂಬುದು ನಿಯಮ. ಸಹಪೈಲಟ್ ಮೂರು ಸಲ ಹಾಗೆಂದು ಹೇಳಿದರು, ಯಂತ್ರವೂ ಎಚ್ಚರಿಸಿತು. ಆದರೂ ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರೆಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು. ಪಾಠ ಬಲ್ಲವರೊಬ್ಬರು ಪಕ್ಕದ ಆಸನದಲ್ಲೇ ಇದ್ದರು; ಅವರ ಮಾತಿಗೆ ಬೆಲೆ ದೊರೆಯಲಿಲ್ಲ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರಂದು, ಕೋಳಿಕ್ಕೋಡಿನಲ್ಲಿ ಅದೇ ಬಗೆಯ ಇನ್ನೊಂದು ಅನಾಹುತವಾಯಿತು. ದುಬೈಯಿಂದ 190 ಮಂದಿಯೊಡನೆ ಬಂದ ವಿಮಾನ ಮಳೆಯಲ್ಲಿ, ಹಿಂದಿನಿಂದ ಸುಮಾರು 14 ನಾಟ್ ಗಾಳಿ ತಳ್ಳುತ್ತಿರುವಾಗ, ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ನೆಲ ಮುಟ್ಟಿ, ಕೊನೆಯಿಂದ ಕೆಳಕ್ಕುರುಳಿತು. ಇಬ್ಬರು ಪೈಲಟುಗಳೂ ಸೇರಿ 21 ಮಂದಿ ಮಡಿದರು.

ಹಿಂಗಾಳಿಯ ಈ ಲೆಕ್ಕವನ್ನು ಮಕ್ಕಳ ಪಾಟಿಯ ಮೇಲೆಯೇ ಮಾಡಬಹುದು. ವಿಮಾನವು ಗಾಳಿಯ ಲೆಕ್ಕದಲ್ಲಿ 140 ನಾಟ್ ವೇಗದಿಂದ ಇಳಿಯುತ್ತಿದೆಯೆನ್ನಿ. ಎದುರಿನಿಂದ 10 ನಾಟ್ ಗಾಳಿಯಿದ್ದರೆ ನೆಲದ ಲೆಕ್ಕದಲ್ಲಿ ಅದರ ವೇಗ 130. ಹಿಂದಿನಿಂದ ಅಷ್ಟೇ ಗಾಳಿಯಿದ್ದರೆ 150. ವ್ಯತ್ಯಾಸ ಬರಿಯ 20 ಎಂದು ತೋರುತ್ತದೆ. ಆದರೆ ಬ್ರೇಕುಗಳು ತಡೆಯಬೇಕಾದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 130ರ ವರ್ಗ 16,900. 150ರ ವರ್ಗ 22,500. ಅಂದರೆ ಹೊರೆ ಮೂರರಲ್ಲೊಂದು ಪಾಲು ಹೆಚ್ಚಿತು. ರನ್‌ವೇ ಒದ್ದೆಯಾಗಿದ್ದರೆ ಬ್ರೇಕಿನ ಹಿಡಿತ ಇನ್ನಷ್ಟು ಕಡಿಮೆ. ಇದನ್ನು ಮೈಗೂಡಿಸಿಕೊಂಡವನಿಗೆ "ಸ್ವಲ್ಪ ಹಿಂಗಾಳಿ ತಾನೆ" ಎಂಬ ಮಾತು ಬಾಯಿಗೆ ಬರಲಾರದು. ಪರೀಕ್ಷೆ ಬೆಳೆಸಬೇಕಾದುದು ಈ ಅಳುಕನ್ನೇ. ಕೈ ಚಲಿಸುವ ಮುನ್ನ ಲೆಕ್ಕ ಕಣ್ಣಿಗೆ ಕಟ್ಟಬೇಕು. ಕಟ್ಟಿದ ಲೆಕ್ಕಕ್ಕೆ, ಅದನ್ನು ಹೇಳಿದವನು ಕಿರಿಯನಾದರೂ, ತಲೆಬಾಗಬೇಕು.

ಪರೀಕ್ಷೆಯ ಬೆಲೆ ಅದರ ಪ್ರಾಮಾಣಿಕತೆಯಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ದೇಶದಲ್ಲೇ 2011ರಲ್ಲಿ ಕೆಲವು ಪೈಲಟುಗಳು ಖೋಟಾ ಅಂಕಪಟ್ಟಿಗಳನ್ನು ಸಲ್ಲಿಸಿ ಮೇಲ್ದರ್ಜೆಯ ಪರವಾನಗಿ ಪಡೆದುದು ಬಯಲಾಗಿ, ಬಂಧನಗಳೂ ನಡೆದವು. 2020ರ ಜೂನ್ ತಿಂಗಳಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು, ತಮ್ಮ ದೇಶದ 860 ಪೈಲಟುಗಳಲ್ಲಿ 262 ಮಂದಿ ತಾವಾಗಿ ಪರೀಕ್ಷೆ ಬರೆದವರಲ್ಲವೆಂಬ ಸಂಶಯವಿದೆಯೆಂದು ಸಂಸತ್ತಿನಲ್ಲಿ ಹೇಳಿದರು. ಮುಂದೆ ಆ ಪಟ್ಟಿಯಲ್ಲಿದ್ದ ಹಲವರು ನಿರ್ದೋಷಿಗಳೆಂದು ತಿಳಿದುಬಂದರೂ, ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಅಲ್ಲಿನ ರಾಷ್ಟ್ರೀಯ ವಿಮಾನ ಸಂಸ್ಥೆ ಯೂರೋಪಿಗೆ ಹಾರದಂತೆ 2020ರ ಜುಲೈಯಲ್ಲಿ ಹೇರಿದ ನಿಷೇಧ ತೆರವಾದದ್ದು 2024ರ ನವೆಂಬರಿನಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರೂ ಇತರರ ವಂಚನೆಯ ಶಂಕೆಗೆ ದಂಡ ತೆತ್ತರು.

ವಂಚನೆಯಷ್ಟು ಘೋರವಲ್ಲದಿದ್ದರೂ ಇನ್ನೊಂದು ದೋಷವುಂಟು: ಉರುಹೊಡೆಯುವುದು. ಈ ಪರೀಕ್ಷೆಗಳು ಬಹುತೇಕ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ತರಹದವು. ಹಿಂದಿನ ಪ್ರಶ್ನೆಗಳನ್ನು ಕಲೆಹಾಕಿದ ಸಂಗ್ರಹಗಳು ಎಲ್ಲ ದೇಶಗಳಲ್ಲಿಯೂ ಮಾರಾಟವಾಗುತ್ತವೆ. ಅಮೆರಿಕದ ವಿಮಾನಯಾನ ಇಲಾಖೆ ಒಂದು ಕಾಲದಲ್ಲಿ ತನ್ನ ಪ್ರಶ್ನೆಗಳನ್ನು ತಾನೇ ಪ್ರಕಟಿಸುತ್ತಿತ್ತು. ಬಳಿಕ ಆ ಪದ್ಧತಿಯನ್ನು ಬಿಟ್ಟಿತು. ಉತ್ತರದ ಸ್ಥಾನವನ್ನು ನೆನಪಿಟ್ಟವನು 70 ಅಂಕ ಪಡೆದಾನು. ಆದರೆ ಆಕಾಶದಲ್ಲಿ ಪ್ರಶ್ನೆ ಬರುವಾಗ ಅದರ ಕೆಳಗೆ ನಾಲ್ಕು ಉತ್ತರಗಳನ್ನು ಯಾರೂ ಅಚ್ಚು ಹಾಕಿರುವುದಿಲ್ಲ. ಹಳೆಯ ಪ್ರಶ್ನೆಗಳನ್ನು ಬಿಡಿಸಿ ನೋಡುವುದು ತಪ್ಪಲ್ಲ. ಉತ್ತರ ಸಿಕ್ಕಿದ ಮೇಲೆ ಉಳಿದ ಮೂರು ಏಕೆ ತಪ್ಪು ಎಂದು ಹೇಳಲು ಬಾರದಿದ್ದರೆ ಆ ಪ್ರಶ್ನೆಯನ್ನು ಬಿಡಿಸಿದಂತಾಗಲಿಲ್ಲ.

ಇಂದು ಎಲ್ಲವನ್ನೂ ಯಂತ್ರಗಳೇ ಮಾಡುತ್ತಿರುವಾಗ ಈ ಲೆಕ್ಕಗಳ ಗೋಜು ಏಕೆಂದು ಕೇಳುವವರೂ ಇದ್ದಾರೆ. ಉಪಗ್ರಹಗಳು ದಾರಿ ತೋರಿಸುತ್ತವೆ, ಗಣಕಯಂತ್ರ ಇಂಧನದ ಲೆಕ್ಕ ಹಾಕುತ್ತದೆ, ನಿಜ. ಬಜಪೆಯಿಂದ ದುಬೈಗಿರುವ ಸುಮಾರು 2,400 ಕಿಲೋಮೀಟರ್ ದಾರಿಯಲ್ಲಿ ಒಂದೇ ಒಂದು ಡಿಗ್ರಿ ದಿಕ್ಕು ತಪ್ಪಿದರೂ ಕೊನೆಗೆ 40 ಕಿಲೋಮೀಟರ್ ಆಚೆಗೆ ಹೋಗಿ ಮುಟ್ಟುತ್ತೇವೆ. ಅಂಥ ತಪ್ಪನ್ನು ಯಂತ್ರ ಈಗ ಕ್ಷಣಕ್ಷಣಕ್ಕೂ ತಿದ್ದುತ್ತದೆ. ಆದರೆ ಯಂತ್ರಕ್ಕೆ ಅಂಕಿಗಳನ್ನು ಒದಗಿಸುವವನು ಮನುಷ್ಯ. ಯಂತ್ರ ಹೇಳಿದ ಉತ್ತರ ಸಂಭಾವ್ಯವೋ ಅಸಂಭಾವ್ಯವೋ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಬೇಕಾದವನೂ ಅವನೇ. ಅಟ್ಲಾಂಟಿಕ್ ಮೇಲೆ ಸ್ವಯಂಚಾಲನೆ ಕಳಚಿಕೊಂಡಂತೆ ಯಂತ್ರ ತನ್ನ ಕೆಲಸವನ್ನು ಒಮ್ಮೆಲೇ ಮನುಷ್ಯನ ಕೈಗೊಪ್ಪಿಸುವ ಗಳಿಗೆಯೂ ಬಂದೀತು. ಕೂಡುವುದು ಕಳೆಯುವುದು ತಿಳಿಯದವನ ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಅಂಗಡಿಯ ಲೆಕ್ಕ ಸರಿಯಾಗುವುದೆಂದು ಯಾವ ವ್ಯಾಪಾರಿಯೂ ನಂಬಲಾರ.

ಇನ್ನು ನಮ್ಮ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ ಒಂದೆರಡು ಮಾತುಗಳು. ಹಾರಾಟದ ತರಬೇತಿಗೆ ಹಲವು ಹತ್ತು ಲಕ್ಷ ರೂಪಾಯಿಗಳು ಬೇಕು. ಲಿಖಿತ ಪರೀಕ್ಷೆಯ ಶುಲ್ಕವೂ ಪುಸ್ತಕಗಳ ಬೆಲೆಯೂ ಅದರ ಮುಂದೆ ಗಣನೆಗೇ ಬಾರದಷ್ಟು. ಆದ್ದರಿಂದ ಕ್ರಮವನ್ನು ತಿರುಗಿಸಬೇಡಿ. ಮೊದಲು ವಿಮಾನಯಾನಕ್ಕಾಗಿ ನಿಗದಿಪಡಿಸಿದ ವೈದ್ಯಕೀಯ ತಪಾಸಣೆ ಆಗಲಿ. ಕಣ್ಣಿನದೋ ಹೃದಯದ್ದೋ ಅಡ್ಡಿಯಿದ್ದರೆ ಆಗಲೇ ತಿಳಿಯುತ್ತದೆ. ಆ ಬಳಿಕ ಲಿಖಿತ ಪರೀಕ್ಷೆಗಳು. ಅವುಗಳಲ್ಲಿ ಮುಖ್ಯವಾದುವನ್ನು ಮಗನೋ ಮಗಳೋ ಸ್ವಂತ ಶ್ರಮದಿಂದ ದಾಟಿದ ಮೇಲೆ ತೋಟದ ಕಾಗದಪತ್ರಗಳನ್ನು ಪೆಟ್ಟಿಗೆಯಿಂದ ಹೊರತೆಗೆಯಬಹುದು. ಹೀಗೆ ಪರೀಕ್ಷೆ ಮುಗಿಸಿಕೊಂಡೇ ಹಾರಾಟಕ್ಕೆ ಸೇರುವವರು ನಮ್ಮ ದೇಶದಲ್ಲಿ ಅನೇಕರಿದ್ದಾರೆ. ಈ ವೃತ್ತಿ ತನಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಅಲ್ಪ ವೆಚ್ಚದಲ್ಲಿ, ಪ್ರಾಣಾಪಾಯವಿಲ್ಲದೆ, ನೆಲದ ಮೇಲೆಯೇ ತಿಳಿಯುವ ಸ್ಥಳ ಪರೀಕ್ಷಾಮಂದಿರ. ಅಲ್ಲಿ ಬಾಗಿಲು ಮುಚ್ಚಿದರೆ ಮನೆ ಉಳಿಯುತ್ತದೆ, ಮಗುವಿಗೆ ಬೇರೆ ದಾರಿಗಳೂ ಉಳಿಯುತ್ತವೆ.

ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಇದು ಸಾಧ್ಯವೇ ಎಂಬ ಅಳುಕು ಕೆಲವರಲ್ಲಿದೆ. ಇಂಗ್ಲಿಷ್ ಬೇಕು, ಅದರಲ್ಲಿ ಸಂದೇಹವಿಲ್ಲ. ಅಂತರರಾಷ್ಟ್ರೀಯ ಹಾರಾಟ ನಡೆಸುವ ಪೈಲಟುಗಳಿಗೆ ಇಂಗ್ಲಿಷಿನ ನಿಗದಿತ ಮಟ್ಟದ ಸಾಮರ್ಥ್ಯ 2008ರಿಂದ ಕಡ್ಡಾಯವೂ ಆಗಿದೆ. ಅದನ್ನು ಪರಿಶ್ರಮದಿಂದ ಗಳಿಸಬಹುದು. ಆದರೆ ತ್ರಿಕೋನದ ಲೆಕ್ಕ, ಗಾಳಿಯ ಒತ್ತಡ, ವೇಗದ ವರ್ಗ — ಇವು ಮನಸ್ಸಿಗೆ ಇಳಿಯುವುದು ಮಗು ಮನೆಯಲ್ಲಿ ಆಡುವ ಮಾತಿನಲ್ಲಿ. ಅಲ್ಲಿ ಇಳಿದುದನ್ನು ಬೇರೆ ಭಾಷೆಯಲ್ಲಿ ಬರೆಯಬಹುದು. ಅಲ್ಲಿ ಇಳಿಯದೆ ಇದ್ದುದನ್ನು ಯಾವ ಭಾಷೆಯಲ್ಲಿ ಬರೆದರೂ ಅದು ಉರುಹೊಡೆದ ಪಾಠವೇ. ಆದುದರಿಂದ ಎಂಟನೆಯ ಒಂಬತ್ತನೆಯ ತರಗತಿಗಳಲ್ಲೇ ಗಣಿತವನ್ನೂ ವಿಜ್ಞಾನವನ್ನೂ "ಏಕೆ" ಎಂದು ಕೇಳುತ್ತ ಕಲಿಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಿರಿ. ಮಗು "ಏಕೆ" ಎಂದು ಕೇಳಿದಾಗ ಗದರಿಸಬೇಡಿರಿ. ಪೈಲಟ್ ಆಗದಿದ್ದರೂ ಆ ಅಭ್ಯಾಸ ವ್ಯರ್ಥವಾಗುವುದಿಲ್ಲ.

ಹಿರಿಯರ ಗಾದೆಯಲ್ಲಿ ಓದಿಗೆ ಒಕ್ಕಾಲು ಭಾಗ ಮಾತ್ರ ಸಂದಿದೆ. ಅದನ್ನು ಹೆಚ್ಚಿಸಬೇಕೆಂದು ನಮ್ಮ ವಾದವಲ್ಲ. ಮಂಚಕ್ಕೂ ಕಾಲುಗಳು ನಾಲ್ಕು. ಅವುಗಳಲ್ಲಿ ಒಂದು ಕಾಲು ಬರಿಯ ಒಕ್ಕಾಲು ಭಾಗವೆಂದು ತೆಗೆದುಹಾಕಿ ಯಾರೂ ಮಲಗುವುದಿಲ್ಲ. ವಿಮಾನದಲ್ಲಿ ಕುಳಿತ ಪ್ರಯಾಣಿಕನು ಪೈಲಟಿನ ಮುಖವನ್ನೂ ನೋಡಿರುವುದಿಲ್ಲ, ಅವನ ಉತ್ತರಪತ್ರಿಕೆಯನ್ನೂ ನೋಡಿರುವುದಿಲ್ಲ. ಯಾರೋ ಒಬ್ಬರು ತನ್ನ ಪರವಾಗಿ ಅದನ್ನು ಸರಿಯಾಗಿ ನೋಡಿ ಅಂಕ ಕೊಟ್ಟಿದ್ದಾರೆಂಬ ನಂಬಿಕೆಯಿಂದಲೇ ಅವನು ಸೊಂಟದ ಪಟ್ಟಿ ಬಿಗಿದು ಕುಳಿತುಕೊಳ್ಳುತ್ತಾನೆ. ಆ ನಂಬಿಕೆಗೆ ತಕ್ಕವನಾಗಿ ಓದುವುದು ಪೈಲಟ್ ಆಗಬಯಸುವವನು ಸಲ್ಲಿಸಬೇಕಾದ ಮೊದಲನೆಯ ಋಣ.